ಕೆಲಸ ಏಕೆ ಬಿಟ್ಟೆ?

ಮಕ್ಕಳೇ, ನಮ್ಮ ಪರಿಗಿಯ ಸುತ್ತಮುತ್ತ ರೇಷ್ಮೆ ಹುಳು ಸಾಕುವ ಮನೆಗಳನ್ನು ನೀವು ನೋಡಿದ್ದೀರಿ. ನಿಮ್ಮಲ್ಲಿ ಕೆಲವರ ಮನೆಯಲ್ಲಿಯೇ ಹುಳು ಇರಬಹುದು. ಬೆಳಿಗ್ಗೆ ಹುಳುವಿಗೆ ಸೊಪ್ಪು ಹಾಕಿ ಆಮೇಲೆ ಶಾಲೆಗೆ ಬರುವವರೂ ಇದ್ದೀರಿ. ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪೇ ಬೇಕು. ಪಕ್ಕದ ಹೊಲದಲ್ಲಿ ಕಡಲೆಕಾಯಿ ಗಿಡ ಎಷ್ಟೇ ಹಸಿರಾಗಿದ್ದರೂ ಹುಳು ಅದನ್ನು ಮುಟ್ಟುವುದಿಲ್ಲ. ಅದೇ ಗಿಡವನ್ನು ಎತ್ತುಗಳು, ಮೇಕೆಗಳು ಆಸೆಯಿಂದ ತಿನ್ನುತ್ತವೆ. ಹಾಗಾದರೆ ತಪ್ಪು ಯಾರದು? ಸೊಪ್ಪಿನದೇ, ಹುಳುವಿನದೇ? ಯಾರದೂ ಅಲ್ಲ. ಒಂದಕ್ಕೊಂದು ಹೊಂದಲಿಲ್ಲ, ಅಷ್ಟೆ.

ಮನುಷ್ಯರಿಗೂ ಅವರು ಹಿಡಿದ ಕೆಲಸಕ್ಕೂ ಕೆಲವೊಮ್ಮೆ ಹೀಗೆಯೇ ಆಗುವುದುಂಟು. ನಿಮ್ಮ ಅಣ್ಣನೋ, ಅಕ್ಕನೋ, ಚಿಕ್ಕಪ್ಪನೋ ಹಿಂದೂಪುರಕ್ಕೆ, ಗೌರಿಬಿದನೂರಿಗೆ ಅಥವಾ ಬೆಂಗಳೂರಿಗೆ ಕೆಲಸಕ್ಕೆ ಹೋಗಿರುತ್ತಾರೆ. ಹೋಗುವ ದಿನ ಮನೆಯವರೆಲ್ಲ ಬಸ್ಸಿನವರೆಗೂ ನಡೆದು ಕಳುಹಿಸಿ ಬರುತ್ತಾರೆ. ಇನ್ನೂ ಒಂದು ತಿಂಗಳು ತುಂಬಿರುವುದಿಲ್ಲ, ಅದೇ ಚೀಲ ಹಿಡಿದುಕೊಂಡು ಅವರು ಮರಳಿ ಬರುತ್ತಾರೆ. ಬೀದಿಯಲ್ಲಿ ಮಾತು ಶುರುವಾಗುತ್ತದೆ. "ಹೋದಷ್ಟೇ ಬೇಗ ಬಂದನಂತೆ" ಎಂದು ಅರಳಿಕಟ್ಟೆಯಲ್ಲಿ ಕುಳಿತವರು ನಗುತ್ತಾರೆ. ಇದನ್ನು ಹೇಗೋ ಸಹಿಸಬಹುದು. ಕಷ್ಟದ ಮಾತು ಮುಂದೆ ಬರುತ್ತದೆ. ಅವರು ಬೇರೊಂದು ಕಡೆ ಕೆಲಸ ಕೇಳಲು ಹೋದಾಗ ಅಲ್ಲಿನ ಯಜಮಾನರು ಕೇಳುತ್ತಾರೆ: "ಇದಕ್ಕೆ ಮೊದಲು ಎಲ್ಲಿದ್ದೆ? ಏಕೆ ಬಿಟ್ಟೆ?" ಈ ಪ್ರಶ್ನೆಗೆ ಹೇಗೆ ಉತ್ತರ ಹೇಳಬೇಕು ಎಂಬುದೇ ಈ ಪಾಠದ ವಿಷಯ.

"ನಾವಿನ್ನೂ ಚಿಕ್ಕವರು, ನಮಗೇಕೆ ಇದು?" ಎಂದು ನೀವು ಕೇಳಬಹುದು. ನಿಜ. 14 ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ನಮ್ಮ ದೇಶದ ಕಾನೂನಿಗೆ ವಿರುದ್ಧ. ನಿಮ್ಮ ಕೆಲಸ ಓದು ಮತ್ತು ಆಟ. ಆದರೆ ಮನೆಯಲ್ಲಿ ಯಾರಿಗಾದರೂ ಅರ್ಜಿ ಬರೆಯಬೇಕಾದಾಗ ಅಮ್ಮ ಯಾರನ್ನು ಕರೆಯುತ್ತಾರೆ? ನಿಮ್ಮನ್ನೇ. ಪತ್ರ ಬರೆಯುವುದನ್ನು ಕಲಿತವರು ನೀವೇ ತಾನೆ! ಬರೆಯುವವರಿಗೆ ಏನು ಬರೆಯಬೇಕೆಂಬುದೂ ತಿಳಿದಿರಬೇಕು.

ನಮ್ಮ ಶಾಲೆಯಲ್ಲಿ ಓದಿ ಹೋದ ಒಬ್ಬ ಹುಡುಗನ ಕಥೆಯನ್ನು ಮೊದಲು ಹೇಳುತ್ತೇನೆ. ಹೆಸರು ಬೇಡ. ಅವನು ಈಗಲೂ ನಮ್ಮ ಕಡೆಯೇ ಇದ್ದಾನೆ, ಓದಿದರೆ ನಾಚಿಕೊಂಡಾನು. ಅವನದು ಮಾತು ಕಡಿಮೆ. ತರಗತಿಯಲ್ಲಿ ಎದ್ದು ನಿಂತು ಪದ್ಯ ಹೇಳು ಎಂದರೆ ನಿಂತಲ್ಲೇ ಬೆವರುತ್ತಿದ್ದ. ಆದರೆ ಕೈ ಬಹಳ ಚುರುಕು. ಶಾಲೆಯ ಗಡಿಯಾರ ನಿಂತರೆ, ರೇಡಿಯೊ ಗೊರಗೊರ ಎಂದರೆ ಅವನನ್ನೇ ಕರೆಯುತ್ತಿದ್ದೆವು. ಅವನು ಹತ್ತನೆಯ ತರಗತಿ ಮುಗಿಸಿದ ವರ್ಷ ಅವರ ಹೊಲದ ಬೋರ್‌ವೆಲ್ ಬತ್ತಿತು. ಅಪ್ಪ ಸಾಲ ಮಾಡಿ ಇನ್ನೊಂದು ಕೊರೆಸಿದರು. ಅದರಲ್ಲೂ ನೀರು ಬೀಳಲಿಲ್ಲ. ಸಾಲ ಮಾತ್ರ ಉಳಿಯಿತು.

ಎರಡು ವರ್ಷ ಅಲ್ಲಿ ಇಲ್ಲಿ ಕೂಲಿ ಮಾಡಿದ ಮೇಲೆ, ಊರಿನವರೊಬ್ಬರು ಅವನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಒಂದು ಕೆಲಸಕ್ಕೆ ಸೇರಿಸಿದರು. ಕುಡಿಯುವ ನೀರನ್ನು ಸೋಸುವ ಫಿಲ್ಟರನ್ನು ಮನೆಮನೆಗೆ ಹೋಗಿ ಮಾರುವ ಕೆಲಸ. ಗಂಟೆ ಒತ್ತಬೇಕು, ಬಾಗಿಲು ತೆಗೆದವರನ್ನು ನಗುನಗುತ್ತ ಮಾತನಾಡಿಸಬೇಕು, ಅವರು ಬೇಡವೆಂದರೂ ಬಿಡದೆ ಹೇಳಬೇಕು. ನಮ್ಮ ಹುಡುಗನಿಗೆ ಬಾಗಿಲು ತೆರೆದ ಕೂಡಲೇ ಮಾತು ಗಂಟಲಲ್ಲಿ ನಿಂತುಬಿಡುತ್ತಿತ್ತು. ಒಂದು ಮನೆಯ ಅಜ್ಜಿ ಅವನಿಗೆ ನೀರು ಕುಡಿಯಲು ಕೊಟ್ಟು ಕಳುಹಿಸಿದರಂತೆ, ಪಾಪ, ಇವನೇ ಬಾಯಾರಿ ಬಂದಿದ್ದಾನೆ ಎಂದುಕೊಂಡು! 22 ದಿನಗಳಲ್ಲಿ ಅವನು ಮಾರಿದ್ದು ಎರಡು ಫಿಲ್ಟರ್. ಇಪ್ಪತ್ತಮೂರನೆಯ ದಿನ ಅಲ್ಲಿನ ಹಿರಿಯರಿಗೆ ಹೇಳಿ, ಸಾಮಾನನ್ನೆಲ್ಲ ಒಪ್ಪಿಸಿ, ಹಿಂದೂಪುರದ ರೈಲು ಹತ್ತಿದ.

ಮನೆಗೆ ಬಂದಾಗ ಅಪ್ಪ ಮಾತನಾಡಲಿಲ್ಲ. ಅಮ್ಮ ಮೆಲ್ಲನೆ, "ಯಾರಾದರೂ ಕೇಳಿದರೆ ರಜೆಗೆ ಬಂದಿದ್ದೇನೆ ಅನ್ನು" ಎಂದರು. ಮಗನಿಗೆ ಅವಮಾನವಾಗಬಾರದೆಂದು ತಾಯಿ ಹೇಳಿದ ಮಾತು ಅದು. ಆದರೆ ಒಂದು ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ.

ಹಿಂದೂಪುರದಲ್ಲಿ ಸುಟ್ಟುಹೋದ ಮೋಟಾರ್‌ಗಳನ್ನು ಸರಿಮಾಡುವ ಅಂಗಡಿಗಳಿವೆ. ಅವನ್ನು ವೈಂಡಿಂಗ್ ಅಂಗಡಿ ಎನ್ನುತ್ತಾರೆ. ನಮ್ಮ ಕಡೆ ಕೆರೆಗಿಂತ ಬೋರ್‌ವೆಲ್ ನಂಬಿ ಬೆಳೆ ಇಡುವವರೇ ಹೆಚ್ಚು. ಆದುದರಿಂದ ಬೇಸಿಗೆಯಲ್ಲಿ ಈ ಅಂಗಡಿಗಳ ಮುಂದೆ ಮೋಟಾರ್‌ಗಳ ಸಾಲೇ ಇರುತ್ತದೆ. ಹುಡುಗ ಅಂಥ ಒಂದು ಅಂಗಡಿಗೆ ಹೋಗಿ ಕೆಲಸ ಕೇಳಿದ. ಯಜಮಾನರು ತೆಲುಗಿನಲ್ಲಿ, "ಮೊದಲು ಎಲ್ಲಿದ್ದೆ?" ಎಂದರು. ಅವನು, "ಬೆಂಗಳೂರಿನಲ್ಲಿ ಒಂದು ವರ್ಷ ವೈಂಡಿಂಗ್ ಅಂಗಡಿಯಲ್ಲಿದ್ದೆ" ಎಂದುಬಿಟ್ಟ. ನೋಡಿ, ಬಾಗಿಲು ತಟ್ಟಿ ಮಾರಲು ಬಾರದ ಬಾಯಿಗೆ ಸುಳ್ಳು ಎಷ್ಟು ಸಲೀಸಾಗಿ ಬಂತು!

ಯಜಮಾನರು ಒಂದು ಸುಟ್ಟ ಮೋಟಾರ್ ಕೊಟ್ಟು, "ಬಿಚ್ಚು" ಎಂದರು. ಹುಡುಗ ಚಕಚಕನೆ ಬಿಚ್ಚಿದ. ಒಳಗಿದ್ದ ತಾಮ್ರದ ತಂತಿಯ ಸುರುಳಿಗಳನ್ನೆಲ್ಲ ಕತ್ತರಿಸಿ ಎಳೆದು ಹಾಕಿದ. ಯಜಮಾನರು ಬಂದು ನೋಡಿ, "ಒಂದೊಂದರಲ್ಲಿ ಎಷ್ಟು ಸುತ್ತು ಇತ್ತು?" ಎಂದು ಕೇಳಿದರು. ಅವನು ಎಣಿಸಿರಲಿಲ್ಲ. ಎಣಿಸಬೇಕೆಂಬುದೇ ಅವನಿಗೆ ಗೊತ್ತಿರಲಿಲ್ಲ.

ಇದು ಏಕೆ ದೊಡ್ಡ ತಪ್ಪು ಎಂಬುದನ್ನು ಸ್ವಲ್ಪ ತಿಳಿಯೋಣ. ಮೋಟಾರ್ ಒಳಗೆ ತಂತಿಯನ್ನು ಲೆಕ್ಕವಿಟ್ಟು ಸುತ್ತಿರುತ್ತಾರೆ. ತಂತಿ ಎಷ್ಟು ದಪ್ಪ, ಪ್ರತಿಯೊಂದು ಸುರುಳಿಯಲ್ಲಿ ಎಷ್ಟು ಸುತ್ತು ಎಂಬುದಕ್ಕೆ ಲೆಕ್ಕವಿದೆ. ಹೊಸ ತಂತಿ ಸುತ್ತುವಾಗಲೂ ಅದೇ ಲೆಕ್ಕ ಬರಬೇಕು. ತಪ್ಪಿದರೆ ಮೋಟಾರ್ ಸರಿಯಾಗಿ ನಡೆಯದು; ಬಿಸಿಯಾಗಿ ಮತ್ತೆ ಸುಡಬಹುದು. ಆದುದರಿಂದ ಸುಟ್ಟ ತಂತಿಯನ್ನು ತೆಗೆಯುವ ಮೊದಲು ಎಣಿಸಿ ಬರೆದುಕೊಳ್ಳುವುದು ಈ ಕೆಲಸದ ಮೊದಲ ಪಾಠ. ಒಂದು ವರ್ಷ ಆ ಅಂಗಡಿಯಲ್ಲಿದ್ದವನು ಅದನ್ನು ನಿದ್ದೆಯಲ್ಲಿಯೂ ಮರೆಯಲಾರ. ಸುಳ್ಳು ಅರ್ಧ ಗಂಟೆಯಲ್ಲಿ ಹೊರಬಿತ್ತು. ಆ ಮೋಟಾರ್ ಒಬ್ಬ ರೈತರದು. ಅವರ ಟೊಮೇಟೊ ಗಿಡ ನೀರಿಲ್ಲದೆ ಒಣಗುತ್ತಿತ್ತು. ಲೆಕ್ಕ ಸಿಗದೆ ಎರಡು ದಿನ ತಡವಾಯಿತು. ಯಜಮಾನರು ಹುಡುಗನಿಗೆ, "ನಾಳೆಯಿಂದ ಬರಬೇಡ" ಎಂದರು.

ಆ ಸಂಜೆ ಅವನು ನಮ್ಮ ಮನೆಯ ಜಗಲಿಗೆ ಬಂದು ಕುಳಿತ. ಬಹಳ ಹೊತ್ತಿನ ಮೇಲೆ, "ಸಾರ್, 22 ದಿನದಲ್ಲಿ ಬಿಟ್ಟು ಬಂದೆ ಅಂದರೆ ನನ್ನನ್ನು ಯಾರು ಇಟ್ಟುಕೊಳ್ಳುತ್ತಾರೆ?" ಎಂದು ಕೇಳಿದ.

ನಾನು ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮೊದಲು ಕೇಳುವವರ ಜಾಗದಲ್ಲಿ ನಿಂತು ನೋಡಬೇಕು. ಯಜಮಾನರು "ಏಕೆ ಬಿಟ್ಟೆ?" ಎಂದು ಕೇಳುವುದು ಅವಮಾನ ಮಾಡಲು ಎಂದು ನಾವು ಭಾವಿಸುತ್ತೇವೆ. ಅವರಿಗೂ ಒಂದು ಹೆದರಿಕೆ ಇರುತ್ತದೆ. ಹೊಸಬನಿಗೆ ಕೆಲಸ ಕಲಿಸಲು ತಿಂಗಳುಗಟ್ಟಲೆ ಬೇಕು. ಕಲಿಯುವಾಗ ತಂತಿ ಹಾಳಾಗುತ್ತದೆ, ಬಟ್ಟೆ ಹಾಳಾಗುತ್ತದೆ. ಅಷ್ಟೆಲ್ಲ ಆದ ಮೇಲೆ, ಕೈತುಂಬ ಕೆಲಸವಿರುವ ಬೇಸಿಗೆಯಲ್ಲಿ ಅವನು ಬಿಟ್ಟು ಹೋದರೆ? ಇನ್ನೊಂದು ಅನುಮಾನವೂ ಇದೆ. ಅಲ್ಲಿ ಜಗಳವಾಡಿ ಬಂದನೇ? ಏನಾದರೂ ತೆಗೆದುಕೊಂಡು ಬಂದನೇ? ನಾವು ಉತ್ತರ ಹೇಳದೆ ಮುಚ್ಚಿಟ್ಟರೆ ಆ ಖಾಲಿ ಜಾಗವನ್ನು ಅವರು ತಮ್ಮ ಅನುಮಾನದಿಂದ ತುಂಬಿಕೊಳ್ಳುತ್ತಾರೆ. ಸಾಮಾನ್ಯವಾಗಿ ಆ ಅನುಮಾನ ನಿಜಕ್ಕಿಂತ ಕೆಟ್ಟದಾಗಿರುತ್ತದೆ.

ಆಮೇಲೆ ಅವನಿಗೆ ಕೆಲವು ದೊಡ್ಡವರ ಕಥೆಗಳನ್ನು ಹೇಳಿದೆ. ಅವನ ಮುಖ ಸ್ವಲ್ಪ ಅರಳಲಿ ಎಂಬ ಆಸೆಯೂ ನನಗಿತ್ತು.

ಮಾಲ್ಗುಡಿಯ ಕಥೆಗಳನ್ನು ನಿಮ್ಮಲ್ಲಿ ಅನೇಕರು ಕೇಳಿರುವಿರಿ. ಶಂಕರ್ ನಾಗ್ ಅವರು ಅದನ್ನು ದೂರದರ್ಶನಕ್ಕಾಗಿ ತೆಗೆದರು. ಆ ಕಥೆಗಳನ್ನು ಬರೆದವರು ಆರ್. ಕೆ. ನಾರಾಯಣ್. ಅವರು 1906ರಲ್ಲಿ ಮದ್ರಾಸಿನಲ್ಲಿ ಹುಟ್ಟಿದರು. ಅವರ ತಂದೆ ಮೈಸೂರಿನಲ್ಲಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು. ನಾರಾಯಣ್ 1930ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಿಂದ ಪದವಿ ಪಡೆದರು. ಬಳಿಕ ಚನ್ನಪಟ್ಟಣದ ಸರ್ಕಾರಿ ಶಾಲೆಯಲ್ಲಿ ಅವರಿಗೆ ಉಪಾಧ್ಯಾಯರ ಕೆಲಸ ಸಿಕ್ಕಿತು. ಚನ್ನಪಟ್ಟಣವೆಂದರೆ ಬಣ್ಣದ ಮರದ ಗೊಂಬೆಗಳ ಊರು. ಆ ಕಾಲದಲ್ಲಿ ಸರ್ಕಾರಿ ಕೆಲಸವೆಂದರೆ ಎಲ್ಲರೂ ಕಣ್ಣಿಗೆ ಒತ್ತಿಕೊಳ್ಳುವಂಥದು. ಆದರೆ ಶಾಲೆಯ ಮುಖ್ಯೋಪಾಧ್ಯಾಯರು, ವ್ಯಾಯಾಮದ ಮೇಷ್ಟ್ರ ಬದಲಿಗೆ ನೀವು ಹೋಗಿ ಎಂದು ಅವರಿಗೆ ಹೇಳಿದರು. ಕಥೆ ಬರೆಯಬೇಕೆಂದು ಕನಸು ಕಾಣುತ್ತಿದ್ದ ಯುವಕನಿಗೆ ಡ್ರಿಲ್ ಮಾಡಿಸುವ ಕೆಲಸ! ಅದು ತಮಗೆ ಆಗದೆಂದು ನಾರಾಯಣ್ ಕೆಲಸ ಬಿಟ್ಟು ಮೈಸೂರಿಗೆ ಹಿಂತಿರುಗಿದರು. ಅಲ್ಲಿ ಅವರು ಉಪಾಧ್ಯಾಯರಾಗಿದ್ದುದು ಬಹಳ ಸ್ವಲ್ಪ ಕಾಲ ಮಾತ್ರ.

ಡ್ರಿಲ್ ಮೇಷ್ಟ್ರ ಕೆಲಸ ಕೀಳೆಂದು ಇದರ ಅರ್ಥವಲ್ಲ. ನಮ್ಮ ಶಾಲೆಯ ಕಬಡ್ಡಿ ತಂಡವನ್ನು ಕೇಳಿದರೆ ಆ ಕೆಲಸ ಎಷ್ಟು ದೊಡ್ಡದೆಂದು ಅವರು ಹೇಳುತ್ತಾರೆ. ನಾರಾಯಣ್‌ರಿಗೆ ಅದು ಹೊಂದಲಿಲ್ಲ. ಮುಂದೆ ಅವರು ಮದ್ರಾಸಿನ 'ಜಸ್ಟಿಸ್' ಎಂಬ ಪತ್ರಿಕೆಗೆ ಮೈಸೂರಿನ ಸುದ್ದಿಗಳನ್ನು ಕಳುಹಿಸುವ ಕೆಲಸ ಹಿಡಿದರು. 1935ರಲ್ಲಿ ಅವರ ಮೊದಲ ಕಾದಂಬರಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಕಥಾನಾಯಕ ಶಾಲೆಗೆ ಹೋಗುವ ಸ್ವಾಮಿ ಎಂಬ ಹುಡುಗ. ವಯಸ್ಸಾದ ಮೇಲೆ ಬರೆದ ಆತ್ಮಕಥೆಯಲ್ಲಿ ನಾರಾಯಣ್ ತಮ್ಮ ಚನ್ನಪಟ್ಟಣದ ದಿನಗಳನ್ನು ಮುಚ್ಚಿಡಲಿಲ್ಲ.

ನಮಗೆ ಇನ್ನೂ ಹತ್ತಿರದ ಒಂದು ಹೆಸರಿದೆ. ಎನ್. ಟಿ. ರಾಮಾರಾವ್ ಅವರು 1985, 1989 ಮತ್ತು 1994ರಲ್ಲಿ ನಮ್ಮ ಹಿಂದೂಪುರದಿಂದಲೇ ಶಾಸನಸಭೆಗೆ ಆಯ್ಕೆಯಾಗಿದ್ದರು. ಆಂಧ್ರಪ್ರದೇಶದ ಮುಖ್ಯಮಂತ್ರಿಗಳಾಗಿದ್ದ ಅವರು 1947ರಲ್ಲಿ ಗುಂಟೂರು ಜಿಲ್ಲೆಯಲ್ಲಿ ಸಬ್‌ರಿಜಿಸ್ಟ್ರಾರ್ ಕೆಲಸಕ್ಕೆ ಸೇರಿದ್ದರು. ಮೂರು ವಾರಗಳಲ್ಲಿಯೇ ಅದನ್ನು ಬಿಟ್ಟು ನಟನೆಗೆ ಹೋದರು. 1949ರಲ್ಲಿ ತೆರೆಕಂಡ 'ಮನ ದೇಶಂ' ಅವರ ಮೊದಲ ಚಿತ್ರ. ಅದರಲ್ಲಿ ಅವರದು ಪೊಲೀಸ್ ಇನ್‌ಸ್ಪೆಕ್ಟರ್ ಪಾತ್ರ. ಇದನ್ನು ಕೇಳಿ ನಮ್ಮ ಹುಡುಗ ಮೊದಲ ಸಲ ನಕ್ಕ. "ನಾನು ಅವರಿಗಿಂತ ಒಂದು ದಿನ ಜಾಸ್ತಿ ಇದ್ದೆ ಸಾರ್" ಎಂದ.

ಆದರೆ ಒಂದು ಎಚ್ಚರಿಕೆ. ಕೆಲಸ ಬಿಟ್ಟವರೆಲ್ಲ ದೊಡ್ಡವರಾಗುವುದಿಲ್ಲ. ಇಂಥ ಕಥೆಗಳನ್ನು ಕೇಳಿ ನಾಳೆಯೇ ಕೆಲಸ ಬಿಟ್ಟು ಕುಳಿತರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಹೊಂದದಿದ್ದರೂ ಮಕ್ಕಳ ಫೀಸಿಗಾಗಿ ವರ್ಷಗಟ್ಟಲೆ ಅದೇ ಕೆಲಸ ಮಾಡುವ ತಂದೆತಾಯಿಗಳನ್ನು ನಾನು ದಿನವೂ ನೋಡುತ್ತೇನೆ. ಅವರಿಗೆ ನನ್ನ ಗೌರವ ಹೆಚ್ಚು. ಬೆಳಿಗ್ಗೆ ಏಳಲು ಸೋಮಾರಿತನವಾಗಿ ವರ್ಷಕ್ಕೆ ನಾಲ್ಕು ಕೆಲಸ ಬಿಡುವವನು "ನನಗೆ ಹೊಂದಲಿಲ್ಲ" ಎಂದರೆ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಇನ್ನು ಉತ್ತರ ಹೇಗಿರಬೇಕು ಎಂಬ ಮಾತಿಗೆ ಬರೋಣ. ಇದಕ್ಕೆ ನನಗೆ ಬಹಳ ಇಷ್ಟವಾದ ಒಂದು ಪತ್ರವಿದೆ. ಅದನ್ನು ಬರೆದವರು ಗಣಿತಜ್ಞ ಶ್ರೀನಿವಾಸ ರಾಮಾನುಜನ್. ನಿಮ್ಮ ಗಣಿತ ಪುಸ್ತಕದಲ್ಲಿ ಅವರ ಹೆಸರನ್ನು ಓದಿರಬಹುದು. ಅವರ ಹುಟ್ಟುಹಬ್ಬವಾದ ಡಿಸೆಂಬರ್ 22ನ್ನು ನಾವು ಗಣಿತ ದಿನವಾಗಿ ಆಚರಿಸುತ್ತೇವೆ. ರಾಮಾನುಜನ್ ಮೆಟ್ರಿಕ್ಯುಲೇಷನ್ ಪಾಸಾಗಿದ್ದರು. ಅದರ ಮುಂದಿನ ಎಫ್. ಎ. ಪರೀಕ್ಷೆಯಲ್ಲಿ ಮಾತ್ರ ತೇರ್ಗಡೆಯಾಗಲಿಲ್ಲ. ಹಗಲು ರಾತ್ರಿ ಗಣಿತದಲ್ಲಿಯೇ ಮುಳುಗಿ ಉಳಿದ ವಿಷಯಗಳನ್ನು ಬಿಟ್ಟಿದ್ದರು. 1912ರ ಆರಂಭದಲ್ಲಿ ಮದ್ರಾಸಿನ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಅವರಿಗೆ ಒಂದು ತಾತ್ಕಾಲಿಕ ಕೆಲಸ ಸಿಕ್ಕಿತು. ತಿಂಗಳಿಗೆ 20 ರೂಪಾಯಿ ಸಂಬಳ. ಅಲ್ಲಿ ಅವರು ಇದ್ದುದು ಕೆಲವೇ ವಾರ.

ಆ ವರ್ಷ ಫೆಬ್ರವರಿ 9ರಂದು ಅವರು ಮದ್ರಾಸ್ ಬಂದರಿನ ಕಚೇರಿಗೆ ಗುಮಾಸ್ತೆ ಕೆಲಸಕ್ಕಾಗಿ ಅರ್ಜಿ ಬರೆದರು. ಆಗ ನಮ್ಮ ಊರು ಸೇರಿದ್ದ ಅನಂತಪುರ ಜಿಲ್ಲೆಯೂ ಮದ್ರಾಸ್ ಪ್ರಾಂತ್ಯದಲ್ಲಿಯೇ ಇತ್ತು ಎಂಬುದು ನೆನಪಿರಲಿ. ಆ ಅರ್ಜಿ ಎಷ್ಟು ಚಿಕ್ಕದೆಂದರೆ ನಿಮ್ಮ ಬರೆಯುವ ಪುಸ್ತಕದ ಅರ್ಧ ಪುಟವನ್ನೂ ಅದು ತುಂಬುವುದಿಲ್ಲ. ತಾವು ಮೆಟ್ರಿಕ್ಯುಲೇಷನ್ ಪಾಸಾಗಿರುವುದಾಗಿ ಹೇಳುತ್ತಾರೆ. ಎಫ್. ಎ.ವರೆಗೆ ಓದಿದ್ದು, ಕೆಲವು ತೊಂದರೆಗಳಿಂದ ಮುಂದೆ ಓದಲಾಗಲಿಲ್ಲ ಎಂದು ಹೇಳುತ್ತಾರೆ. ಆಗಿನಿಂದ ತಮ್ಮ ಸಮಯವನ್ನೆಲ್ಲ ಗಣಿತಕ್ಕೆ ಕೊಟ್ಟಿರುವುದಾಗಿ, ಕೆಲಸ ಕೊಟ್ಟರೆ ಸರಿಯಾಗಿ ಮಾಡುವ ನಂಬಿಕೆ ಇದೆಯೆಂದು ಹೇಳಿ ಮುಗಿಸುತ್ತಾರೆ. ಜೊತೆಗೆ ಗಣಿತದ ಪ್ರಾಧ್ಯಾಪಕರೊಬ್ಬರ ಶಿಫಾರಸನ್ನು ಇಟ್ಟರು. ಮಾರ್ಚ್ 1ರಂದು ತಿಂಗಳಿಗೆ 30 ರೂಪಾಯಿಯ ಕೆಲಸಕ್ಕೆ ಸೇರಿದರು. ಮರುವರ್ಷ ಅದೇ ಮೇಜಿನಲ್ಲಿದ್ದ ಗುಮಾಸ್ತೆಯಾಗಿಯೇ ಅವರು ಇಂಗ್ಲೆಂಡಿನ ಪ್ರೊಫೆಸರ್ ಹಾರ್ಡಿಯವರಿಗೆ ತಮ್ಮ ಪ್ರಸಿದ್ಧ ಪತ್ರವನ್ನು ಬರೆದದ್ದು.

ಆ ಅರ್ಜಿಯನ್ನು ಇನ್ನೊಮ್ಮೆ ಗಮನಿಸಿ. ಓದು ನಿಂತುಹೋದ ವಿಷಯಕ್ಕೆ ಅವರು ಕೊಟ್ಟದ್ದು ಅರ್ಧ ವಾಕ್ಯ. ಕಾಲೇಜನ್ನು ಬೈಯಲಿಲ್ಲ. ಪರೀಕ್ಷೆ ಮಾಡಿದವರನ್ನು ಬೈಯಲಿಲ್ಲ. ತಮ್ಮನ್ನೂ ಹಳಿದುಕೊಳ್ಳಲಿಲ್ಲ. ಅಲ್ಲಿಂದ ನೇರವಾಗಿ ತಾವು ಏನು ಮಾಡಬಲ್ಲೆ ಎಂಬ ಮಾತಿಗೆ ಬಂದರು.

ಹುಡುಗ ಇಲ್ಲಿ ಒಂದು ಒಳ್ಳೆಯ ಪ್ರಶ್ನೆ ಕೇಳಿದ. "ಸಾರ್, 20 ರೂಪಾಯಿ ಸಂಬಳದ ಆ ಕೆಲಸವನ್ನು ಅವರು ಬರೆದರೇ?" ಇಲ್ಲ, ಆ ಅರ್ಜಿಯಲ್ಲಿ ಅದರ ಮಾತಿಲ್ಲ. ಹಾಗಾದರೆ ಮುಚ್ಚಿಟ್ಟಂತೆ ಆಗಲಿಲ್ಲವೇ? ನಾನು ಯೋಚಿಸಿ ಹೇಳಿದೆ: ಚಿಕ್ಕ ಅರ್ಜಿಯಲ್ಲಿ ಎಲ್ಲವನ್ನೂ ಬರೆಯಲಾಗದು. ಬರೆಯದಿರುವುದು ಬೇರೆ, ಇಲ್ಲದ್ದನ್ನು ಇದೆಯೆಂದು ಬರೆಯುವುದು ಬೇರೆ. ಆದರೆ ಯಾರಾದರೂ ಬಾಯಿಬಿಟ್ಟು ಕೇಳಿದರೆ, ಅಥವಾ ಅರ್ಜಿ ನಮೂನೆಯಲ್ಲಿ "ಹಿಂದಿನ ಕೆಲಸ" ಎಂಬ ಸಾಲು ಇದ್ದರೆ, ಆಗ ಹೇಳಲೇಬೇಕು.

ಈಗಿನ ದಿನಗಳಲ್ಲಿ ಮುಚ್ಚಿಡುವುದು ಕಷ್ಟವೂ ಹೌದು. ನಿಮ್ಮ ಅಕ್ಕ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರೆ ಅವರ ಸಂಬಳದ ಚೀಟಿಯನ್ನು ಕೇಳಿ ನೋಡಿ. ಅದರಲ್ಲಿ ಪಿ. ಎಫ್. ಎಂದು ಸ್ವಲ್ಪ ಹಣ ಹಿಡಿದಿರುತ್ತಾರೆ. ಅದು ಕೆಲಸಗಾರರ ಹೆಸರಿನಲ್ಲಿಯೇ ಉಳಿಯುವ ಹಣ. ಅದಕ್ಕೆ 12 ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಕಾರ್ಖಾನೆ ಬದಲಾದರೂ ಆ ಸಂಖ್ಯೆ ಬದಲಾಗದು. ಯಾವ ದಿನ ಸೇರಿದರು, ಯಾವ ದಿನ ಬಿಟ್ಟರು ಎಂಬುದೂ ಅಲ್ಲಿ ದಾಖಲಾಗುತ್ತದೆ. ಒಂದು ತಿಂಗಳು ಮಾತ್ರ ಇದ್ದು ಬಿಟ್ಟ ಕಾರ್ಖಾನೆಯನ್ನು ಹೊಸ ಕಾರ್ಖಾನೆಯಲ್ಲಿ "ನನಗೆ ಗೊತ್ತೇ ಇಲ್ಲ" ಎಂದರೆ, ಆ ಸಂಖ್ಯೆ ಸುಮ್ಮನಿರುವುದಿಲ್ಲ.

ಆ ರಾತ್ರಿ ನಾನು ಯಜಮಾನನಂತೆ ಕುಳಿತೆ, ಅವನು ಕೆಲಸ ಕೇಳುವವನಂತೆ ನಿಂತ. ಮೊದಲ ಸಲ ಅವನು ಬೆಂಗಳೂರಿನವರನ್ನು ಚೆನ್ನಾಗಿ ಬೈದ. ಊಟ ಸರಿ ಇರಲಿಲ್ಲ, ಬಿಸಿಲಲ್ಲಿ ಅಲೆಸಿದರು, ಅವರ ಮಾತೇ ಸರಿ ಇಲ್ಲ. ಅದು ನಿಜವೇ ಇರಬಹುದು. ಆದರೆ ಕೇಳುವವರಿಗೆ ಏನನಿಸುತ್ತದೆ? ನಾಳೆ ಇವನು ನನ್ನನ್ನೂ ಹೀಗೆಯೇ ಬೈಯುತ್ತಾನೆ ಎನಿಸುತ್ತದೆ. ಅದನ್ನು ತೆಗೆದೆವು. ಎರಡನೆಯ ಸಲ ತಲೆ ತಗ್ಗಿಸಿ, "ನಾನು ಕೆಲಸಕ್ಕೆ ಬಾರದವನು ಸಾರ್" ಎಂದ. ಅದನ್ನಂತೂ ನಾನು ಎರಡನೆಯ ಬಾರಿ ಹೇಳಲು ಬಿಡಲಿಲ್ಲ. ಕೊನೆಗೆ ಇಷ್ಟು ಉಳಿಯಿತು:

"ಅಣ್ಣಾ, ನಾನು ಬೆಂಗಳೂರಿನಲ್ಲಿ 22 ದಿನ ಮನೆಮನೆಗೆ ಹೋಗಿ ಫಿಲ್ಟರ್ ಮಾರುವ ಕೆಲಸದಲ್ಲಿದ್ದೆ. ಮಾತನಾಡಿ ಮಾರುವುದು ನನಗೆ ಹೊಂದಲಿಲ್ಲ. ಅವರಿಗೆ ಹೇಳಿ, ಸಾಮಾನು ಒಪ್ಪಿಸಿ ಬಂದಿದ್ದೇನೆ. ವೈಂಡಿಂಗ್ ನನಗೆ ಬರುವುದಿಲ್ಲ. ಬಿಚ್ಚುವುದು, ಜೋಡಿಸುವುದು ಬರುತ್ತದೆ. ಕಲಿಸಿದರೆ ಕಲಿಯುತ್ತೇನೆ."

ಇದರಲ್ಲಿ ಮೂರನೆಯ ವಾಕ್ಯದ ಬೆಲೆ ದೊಡ್ಡದು. ಅವನು ಹೇಳದೆ ಕೇಳದೆ ಓಡಿ ಬಂದಿದ್ದರೆ ಆ ವಾಕ್ಯವನ್ನು ಹೇಳಲು ಆಗುತ್ತಿರಲಿಲ್ಲ. ಕೆಲಸ ಬಿಡುವಾಗ ಹೇಗೆ ಬಿಡುತ್ತೇವೆ ಎಂಬುದು ಮುಂದಿನ ಕೆಲಸ ಕೇಳುವಾಗ ನೆರವಿಗೆ ಬರುತ್ತದೆ. ಹೊಸ ಯಜಮಾನರು ಹಳೆಯವರಿಗೆ ಫೋನ್ ಮಾಡಿ ವಿಚಾರಿಸುವುದೂ ಉಂಟು.

"ಮತ್ತೆ ಆ ಅಂಗಡಿಯ ವಿಷಯ ಸಾರ್?" ಎಂದು ಅವನು ಕೇಳಿದ. ಎಣಿಸದೆ ತಂತಿ ಕತ್ತರಿಸಿದ ಅಂಗಡಿ. ಅಲ್ಲಿ ಅವನು ಇದ್ದುದು ಒಂದೇ ದಿನ. ಇದಕ್ಕೆ ಉತ್ತರ ಹೇಳುವುದು ನನಗೂ ಸುಲಭವಾಗಿರಲಿಲ್ಲ. ಫಿಲ್ಟರ್ ಮಾರಲಾಗದ್ದು ತಪ್ಪಲ್ಲ, ಇದು ತಪ್ಪು. ಆದರೂ ಹೇಳಿಬಿಡು ಎಂದೆ. ವೈಂಡಿಂಗ್ ಅಂಗಡಿಯವರೆಲ್ಲ ಒಬ್ಬರಿಗೊಬ್ಬರು ಗೊತ್ತಿರುವವರು. ಬೇರೆಯವರಿಂದ ಕೇಳುವುದಕ್ಕಿಂತ ಅವನ ಬಾಯಿಂದಲೇ ಕೇಳಲಿ.

ಅವನು ನಿಜ ಹೇಳಿದ, ಕೂಡಲೇ ಕೆಲಸ ಸಿಕ್ಕಿತು ಎಂದು ಬರೆದರೆ ನಾನೇ ಸುಳ್ಳು ಬರೆದಂತಾಗುತ್ತದೆ. ಮೊದಲು ಹೋದ ಅಂಗಡಿಯವರು ಎಲ್ಲವನ್ನೂ ಕೇಳಿ, "ನಮಗೆ ಕಲಿತವರೇ ಬೇಕು" ಎಂದು ಕಳುಹಿಸಿದರು. ಇನ್ನೊಬ್ಬರು ಆಮೇಲೆ ಬಾ ಎಂದರು. ಮೂರನೆಯ ಅಂಗಡಿಯ ಯಜಮಾನರು ವಯಸ್ಸಾದವರು. "ಆ ಟೊಮೇಟೊ ರೈತನ ಮೋಟಾರ್ ಹಾಳು ಮಾಡಿದವನು ನೀನೇನಾ?" ಎಂದು ನಕ್ಕರಂತೆ. ಕಥೆ ಅವರಿಗೆ ಆಗಲೇ ತಲುಪಿತ್ತು. ಹುಡುಗ ಹೌದೆಂದ. "ಒಂದು ತಿಂಗಳು ನೋಡೋಣ" ಎಂದು ಅರ್ಧ ಸಂಬಳಕ್ಕೆ ಇಟ್ಟುಕೊಂಡರು. ಮೊದಲ ಮೂರು ತಿಂಗಳು ಅವನಿಗೆ ಕೊಟ್ಟ ಕೆಲಸ ಎಣಿಸಿ ಬರೆಯುವುದು ಒಂದೇ.

ನಮ್ಮ ಡಿ. ವಿ. ಗುಂಡಪ್ಪನವರ ವಿಷಯವನ್ನೂ ಇಲ್ಲಿ ಸೇರಿಸಬೇಕೆನಿಸುತ್ತದೆ. ಅವರು 1887ರಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಹುಟ್ಟಿದರು. ರಾಮಾನುಜನ್ ಹುಟ್ಟಿದ್ದೂ ಅದೇ ವರ್ಷ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಕೆಲಸ ಹುಡುಕುತ್ತ ಕೋಲಾರದ ಚಿನ್ನದ ಗಣಿಯ ಊರಿಗೆ ಹೋಗಿ ಸೋಡಾ ತಯಾರಿಸುವಲ್ಲಿ ದುಡಿದರು. ಬೆಂಗಳೂರಿಗೆ ಬಂದು ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕಡೆ ಕೆಲಸ ಮಾಡಿದರು. ಆಮೇಲೆ ಪತ್ರಿಕೆಯ ಕೆಲಸ ಸಿಕ್ಕಿತು. ಅದು ಅವರಿಗೆ ಹೊಂದಿತು. 'ಮಂಕುತಿಮ್ಮನ ಕಗ್ಗ' ಬರೆದವರು ಅವರೇ. ಸೋಡಾ ತುಂಬಿದ ಕೈಯೂ ಕಗ್ಗ ಬರೆದ ಕೈಯೂ ಒಂದೇ ಎಂದು ನೆನೆದಾಗ ನನಗೆ ಏನೋ ಸಂತೋಷ.

ಕಳೆದ ಬೇಸಿಗೆಯಲ್ಲಿ ನಮ್ಮ ಶಾಲೆಯ ನೀರೆತ್ತುವ ಚಿಕ್ಕ ಮೋಟಾರ್ ಸುಟ್ಟಿತು. ಮಧ್ಯಾಹ್ನದ ಊಟದ ತಟ್ಟೆ ತೊಳೆಯಲೂ ನೀರಿಲ್ಲ. ಸುದ್ದಿ ಕಳುಹಿಸಿದೆವು. ಆ ಹುಡುಗನೇ ಬಂದ; ಈಗ ಹುಡುಗನೆನ್ನಬಾರದು, ಮೀಸೆ ಬಂದಿದೆ. ಶಾಲೆಯ ಪಡಸಾಲೆಯಲ್ಲಿ ಕುಳಿತು ಮೋಟಾರ್ ಬಿಚ್ಚಿದ. ತಂತಿಗೆ ಕೈ ಹಾಕುವ ಮೊದಲು, "ಯಾರಾದರೂ ಒಂದು ಪೆನ್ಸಿಲು, ಹಾಳೆ ಕೊಡಿ" ಎಂದ. ಐದನೆಯ ತರಗತಿಯ ಹುಡುಗಿಯೊಬ್ಬಳು ಕೊಟ್ಟು, ಪಕ್ಕದಲ್ಲಿಯೇ ಕುಕ್ಕರುಗಾಲಿನಲ್ಲಿ ಕುಳಿತು, "ಯಾಕಣ್ಣಾ ಎಣಿಸ್ತಾ ಇದ್ದೀಯ?" ಎಂದು ಕೇಳಿದಳು.

ಅವನು ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ, "ಒಂದು ಸಲ ಎಣಿಸದೆ ಕತ್ತರಿಸಿಬಿಟ್ಟಿದ್ದೆನಮ್ಮಾ" ಎಂದು ಶುರುಮಾಡಿ, ಬೆಂಗಳೂರಿನ ಅಜ್ಜಿ ನೀರು ಕೊಟ್ಟದ್ದರಿಂದ ಹಿಡಿದು ಎಲ್ಲವನ್ನೂ ಅವಳಿಗೆ ಹೇಳಿದ. ಊಟದ ಗಂಟೆ ಹೊಡೆದರೂ ಮಕ್ಕಳು ಏಳಲಿಲ್ಲ.